ಬಣ್ಣದ ಕಲ್ಲು, ಬಣ್ಣದ ಮಾತು



ವಜ್ರದ ವಿಷಯ ಬರೆಯಹೊರಟಿದ್ದೇನೆ ಎಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ದಿನವೆಲ್ಲ ನಿಂತು ಕಪ್ಪು-ಬಸಿ ಎತ್ತುವವನಿಗೂ, ರಾತ್ರಿ ಪಾಳಿ ಮುಗಿಸಿ ಹತ್ತು ಜನರ ಕೋಣೆಯಲ್ಲಿ ಚಾಪೆ ಹಾಸುವವನಿಗೂ ವಜ್ರಕ್ಕೂ ಎಲ್ಲಿಯ ಸಂಬಂಧ? ಈ ಸಂಬಂಧವನ್ನು ಹುಡುಕಿಕೊಂಡು ನಾವು ಹೋದವರಲ್ಲ. ಅದೇ ನಮ್ಮ ಕೋಣೆಯ ಬಾಗಿಲಿಗೆ ಕಂತಿನ ಪುಸ್ತಕ ಹಿಡಿದು ಬಂದಿದೆ. ಬಂದ ಮೇಲೆ ಅದರ ಬಣ್ಣವನ್ನು ಬಯಲಿಗೆಳೆಯದೆ ವಿಧಿಯಿಲ್ಲ.

ಇದನ್ನು ಬರೆಯುತ್ತಿರುವುದು ರಾಂಜಣಗಾಂವದಿಂದ. ಪುಣೆಯಿಂದ ಅಹಿಲ್ಯಾನಗರದ ಹೆದ್ದಾರಿ ಹಿಡಿದರೆ ಸುಮಾರು 50 ಕಿಲೋಮೀಟರು. ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯ ಸ್ಥಾನವೆಂದು ಯಾತ್ರಿಕರಿಗೆ ಈ ಊರು ಗೊತ್ತು. ಎಂಐಡಿಸಿಯ ಕಾರಖಾನೆಗಳ ಊರೆಂದು ನಮಗೆ ಗೊತ್ತು. ಕಾರಖಾನೆಗಳ ಕ್ಯಾಂಟೀನುಗಳಲ್ಲಿ, ಹೆದ್ದಾರಿಯ ಹೊಟೇಲುಗಳಲ್ಲಿ, ಖಾನಾವಳಿಗಳಲ್ಲಿ ಉಡುಪಿ-ಕುಂದಾಪುರದ ಹುಡುಗರಿದ್ದಾರೆ. ಯಂತ್ರಗಳ ಮುಂದೆ ವಿಜಯಪುರ, ಕಲಬುರಗಿಯ ಕಡೆಯವರಿದ್ದಾರೆ. 1982ರ ಮುಷ್ಕರದ ನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದವಲ್ಲ, ಆ ಗಿರಣಿಯವರ ಮಕ್ಕಳೂ ಇಲ್ಲಿ ಕಂತ್ರಾಟಿನ ಮೇಲೆ ದುಡಿಯುತ್ತಿದ್ದಾರೆ. ದೀಪಾವಳಿಯ ಬೋನಸ್ಸು ಕೈಗೆ ಬರುವ ಹೊತ್ತಿಗೆ ಸರಿಯಾಗಿ ಇಲ್ಲಿಯ ಕೋಣೆಗಳಿಗೆ ಆಭರಣದ ಏಜಂಟರು ಬರುತ್ತಾರೆ. ಚಿನ್ನದ ದರ ಏರಿದೆ, ಚಿನ್ನ ಕಡಿಮೆ ಮಾಡಿ ವಜ್ರ ಕೂಡಿಸಿಕೊಳ್ಳಿ, ತಂಗಿಯ ಮದುವೆಗೆ ಗೌರವ ಹೆಚ್ಚು, ತಿಂಗಳು ತಿಂಗಳು ಕಟ್ಟಿದರೆ ಸಾಕು ಎಂದು ಹೇಳುತ್ತಾರೆ. ಮಾತು ಮೃದು, ಪೆಟ್ಟಿಗೆ ಮಖಮಲ್ಲು.

ನಮ್ಮೊಡನೆ ಕ್ಯಾಂಟೀನಿನಲ್ಲಿ ಅಡಿಗೆ ಮಾಡುವ ಕುಂದಾಪುರದ ಕಡೆಯ ಗೆಳೆಯನೊಬ್ಬ ಹೀಗೆಯೇ ತಂಗಿಗೆ ಏಳು ಕಲ್ಲಿನ ವಜ್ರದ ಬೆಂಡೋಲೆ ಮಾಡಿಸಿದ. ಬೆಳ್ಳಗೆ ನೀರಿನ ಹನಿಯಂತೆ ಹೊಳೆಯುವ ಕಲ್ಲುಗಳು. ಮದುವೆಯಾಗಿ ಕೆಲವು ತಿಂಗಳಿಗೆ ಒಂದು ಓಲೆಯ ತಿರುಪು ಮುರಿಯಿತು. ಊರಿನ ಅಕ್ಕಸಾಲಿಗರು ಬೆಸುಗೆ ಹಾಕಲು ಬೆಂಕಿ ಹಿಡಿದರು, ಆಮ್ಲದ ನೀರಿನಲ್ಲಿ ಅದ್ದಿ ತೊಳೆದರು. ತೆಗೆದು ನೋಡಿದರೆ ಆ ಓಲೆಯ ಕಲ್ಲುಗಳೆಲ್ಲ ಮಾಸಲು ಹಳದಿ! ಒಂದು ಕಿವಿಯಲ್ಲಿ ಬಿಳಿ, ಇನ್ನೊಂದು ಕಿವಿಯಲ್ಲಿ ಹಳದಿ. ಅಕ್ಕಸಾಲಿಗರೇ ಕಲ್ಲು ಬದಲಿಸಿದರೆಂದು ಮನೆಯವರು ಜಗಳಕ್ಕೆ ನಿಂತರು. ಪಾಪ, ಅವರ ತಪ್ಪು ಏನೂ ಇರಲಿಲ್ಲ. ಕಲ್ಲು ಬಲ್ಲವರೊಬ್ಬರು ಉಳಿದ ಓಲೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಲ್ಲುಗಳ ಅಡಿಮೈಗೆ ತೆಳುವಾದ ಲೇಪ ಹಚ್ಚಿದ್ದು ಕಂಡಿತು. ಬೆಂಕಿಗೂ ಆಮ್ಲಕ್ಕೂ ಆ ಲೇಪ ಹೋದದ್ದೇ ತಡ, ಕಲ್ಲಿನ ಹುಟ್ಟುಬಣ್ಣ ಹೊರಬಿದ್ದಿತ್ತು.

ಗೆಳೆಯ ಅಂಗಡಿಗೆ ಹೋದ. ಜೊತೆಗೆ ನಾನೂ ಹೋದೆ. ಅಂಗಡಿಯವರು ಬಾಯಿಮಾತಿಗೆ ನಿಲ್ಲಲಿಲ್ಲ. ಪೆನ್ನಿನಂಥ ಒಂದು ಯಂತ್ರ ತಂದು ಹಳದಿಯಾದ ಕಲ್ಲಿಗೆ ಮುಟ್ಟಿಸಿದರು. ಯಂತ್ರ ಕುಂಯ್ ಎಂದಿತು. "ನೋಡಿ, ವಜ್ರವೇ. ಬಿಲ್ಲಿನಲ್ಲಿ ವಜ್ರವೆಂದು ಬರೆದಿದ್ದೇವೆ, ವಜ್ರವನ್ನೇ ಕೊಟ್ಟಿದ್ದೇವೆ" ಎಂದರು. ಮುಗಿಯಿತು ನ್ಯಾಯ. ಗೆಳೆಯ ಇಂದಿಗೂ ಕಂತು ಕಟ್ಟುತ್ತಿದ್ದಾನೆ.

ಬಂಧುಗಳೇ, ಆ ಅಂಗಡಿಯವರು ಹೇಳಿದ್ದು ಸುಳ್ಳಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಕಲ್ಲು ವಜ್ರವೇ ಹೌದು. ಆದರೆ ಕೊಟ್ಟ ಬೆಲೆ ವಜ್ರವೆಂಬ ಹೆಸರಿಗಷ್ಟೇ ಅಲ್ಲ, ಬಿಳಿ ವಜ್ರಕ್ಕೆ. ಆ ಬಿಳಿಬಣ್ಣ ಕಲ್ಲಿನದಾಗಿರಲಿಲ್ಲ. ಅರ್ಧ ಸತ್ಯವನ್ನು ಬಿಲ್ಲಿನಲ್ಲಿ ಬರೆದು, ಉಳಿದರ್ಧವನ್ನು ಗಲ್ಲೆಯ ಕೆಳಗೆ ಇಟ್ಟುಕೊಳ್ಳುವ ಈ ವಿದ್ಯೆಯನ್ನು ಅರಿಯದೆ ನಾವು ಅದನ್ನು ಎದುರಿಸಲಾರೆವು. ನಾನು ಓದಿದ್ದು ಮಿಡ್ಲ್ ಸ್ಕೂಲಿನವರೆಗೆ. ಆದರೂ ಕೇಳಿ, ಓದಿ, ಬಲ್ಲವರನ್ನು ಕಾಡಿ ತಿಳಿದುಕೊಂಡಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಇದರಲ್ಲಿ ನಮಗೆ ಅರ್ಥವಾಗದಂಥ ಗುಟ್ಟು ಏನೂ ಇಲ್ಲ.

ವಜ್ರವೆಂದರೆ ಇಂಗಾಲ, ನಮ್ಮ ಒಲೆಯ ಇದ್ದಲಿನ ದಾಯಾದಿ. ಭೂಮಿಯ ಆಳದಲ್ಲಿ ಭಾರೀ ಒತ್ತಡ ಮತ್ತು ಕಾವಿಗೆ ಸಿಕ್ಕಿ ಹರಳುಗಟ್ಟಿದ್ದು. ಅಪ್ಪಟ ಬಿಳಿಯಾಗಿ ಹುಟ್ಟುವ ಕಲ್ಲು ಅಪರೂಪ. ಒಳಗೆ ಸಾರಜನಕ ಸೇರಿದರೆ ಹಳದಿಯ ಛಾಯೆ ಬರುತ್ತದೆ. ಬೋರಾನ್ ಸೇರಿದರೆ ನೀಲಿ. ಭೂಗರ್ಭದ ಒತ್ತಡಕ್ಕೆ ಹರಳಿನ ಕಟ್ಟೇ ಸೊಟ್ಟಾದರೆ ಕಂದು. ಮಣ್ಣಿನೊಳಗಿನ ವಿಕಿರಣ ತಾಗಿದರೆ ಹಸಿರು. ಗಣಿಯಿಂದ ಬರುವ ಕಲ್ಲುಗಳಲ್ಲಿ ಬಹಳಷ್ಟು ಹಳದಿ ಅಥವಾ ಕಂದು ಛಾಯೆಯವು. ಪೇಟೆಯಲ್ಲಿ ಬಿಳಿಗೆ ಬೆಲೆ. ಗುಲಾಬಿ, ನೀಲಿ, ಹಸಿರಿಗೆ ಅದಕ್ಕೂ ಮೀರಿದ ಬೆಲೆ. ಮಾಸಲು ಕಲ್ಲಿಗೆ ಕೇಳುವವರಿಲ್ಲ. ಹಾಗಾದರೆ ಮಾಸಲು ಕಲ್ಲಿನ ಬಣ್ಣವನ್ನೇ ಬದಲಿಸಿದರೆ? ಈ ಯೋಚನೆಯಿಂದಲೇ ಎಲ್ಲ ಹುಟ್ಟಿತು. ಅದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಲೇಪ. ಎಲ್ಲಕ್ಕಿಂತ ಹಳೆಯದು, ಅಗ್ಗದ್ದು. ಹಳದಿಯನ್ನು ಮರೆಮಾಡಲು ನೇರಳೆ ಶಾಯಿಯ ಒಂದು ಚುಕ್ಕೆಯನ್ನು ಕಲ್ಲಿನ ಅಂಚಿಗೆ ಮುಟ್ಟಿಸಿದರೂ ಸಾಕು, ಕಣ್ಣಿಗೆ ಬೆಳ್ಳಗೆ ಕಾಣುತ್ತದೆ. ಮಾಸಿದ ಬಿಳಿ ಬಟ್ಟೆಗೆ ನಾವು ನೀಲಿ ಹಾಕುವುದಿಲ್ಲವೆ, ಅದೇ ತತ್ತ್ವ. ಈಗ ಶಾಯಿಯ ಬದಲು ಕನ್ನಡಕದ ಗಾಜಿಗೆ ಹಾಕುವಂಥ ತೆಳು ಪದರಗಳನ್ನು ಯಂತ್ರದಿಂದ ಹಾಕುತ್ತಾರೆ. ಗುಲಾಬಿ ಬೇಕಾದರೆ ಗುಲಾಬಿ, ನೀಲಿ ಬೇಕಾದರೆ ನೀಲಿ. ಆದರೆ ಈ ಪದರ ಬೆಂಕಿಗೆ, ಆಮ್ಲಕ್ಕೆ, ಸಾಣೆಗೆ ತಡೆಯದು.

ಎರಡನೆಯದು ಕಿರಣ. ಇಂಗ್ಲೆಂಡಿನ ವಿಜ್ಞಾನಿ ಸರ್ ವಿಲಿಯಂ ಕ್ರೂಕ್ಸ್ 1904ರಲ್ಲಿಯೇ ವಜ್ರಗಳನ್ನು ರೇಡಿಯಂ ಲವಣದಲ್ಲಿ ಹೂತಿಟ್ಟು ಹಸಿರು ಮಾಡಿ ತೋರಿಸಿದ. ಆದರೆ ಆ ಕಲ್ಲುಗಳೇ ವಿಕಿರಣ ಸೂಸತೊಡಗಿದವು. ಮೈಮೇಲೆ ಧರಿಸುವ ಹಾಗಿರಲಿಲ್ಲ. ಈಗ ಅಣು ರಿಯಾಕ್ಟರಿನ ನ್ಯೂಟ್ರಾನುಗಳಿಂದಲೋ ಎಲೆಕ್ಟ್ರಾನುಗಳ ಹೊಡೆತದಿಂದಲೋ ಈ ಕೆಲಸ ಮಾಡುತ್ತಾರೆ. ಹಸಿರು ಅಥವಾ ನೀಲಿ ಬಂದ ಮೇಲೆ ಕಲ್ಲನ್ನು ಕಾಯಿಸಿದರೆ ಹಳದಿ, ಕಿತ್ತಳೆ ಬಣ್ಣಗಳೂ, ಕೆಲವು ಕಲ್ಲುಗಳಲ್ಲಿ ಗುಲಾಬಿಯೂ ಬರುತ್ತವೆ. ರಿಯಾಕ್ಟರಿನಿಂದ ಬಂದ ಕಲ್ಲನ್ನು ಅದರ ವಿಕಿರಣ ಇಳಿಯುವ ತನಕ ಇಟ್ಟು ನಂತರ ಮಾರಬೇಕು. ಈ ಬಣ್ಣ ಲೇಪದಂತೆ ಉಜ್ಜಿದರೆ ಹೋಗುವುದಿಲ್ಲ. ಆದರೆ ಅಕ್ಕಸಾಲಿಗನ ಬೆಂಕಿ ತಾಗಿದರೆ ಬದಲಾಗಬಹುದು.

ಮೂರನೆಯದು ಒತ್ತಡ ಮತ್ತು ಕಾವು. ನಾವು ಬೇಳೆ ಬೇಯಿಸುವ ಕುಕ್ಕರಿನೊಳಗೆ ಒತ್ತಡ ಹೊರಗಿನ ಗಾಳಿಯ ಎರಡು ಪಟ್ಟು ಇರುತ್ತದೆ. ಇಲ್ಲಿ ಕಲ್ಲನ್ನು 50 ಸಾವಿರ ಪಟ್ಟಿಗೂ ಮೀರಿದ ಒತ್ತಡದಲ್ಲಿ, ಸುಮಾರು 2000 ಡಿಗ್ರಿ ಕಾವಿನಲ್ಲಿ ಇಡುತ್ತಾರೆ. ನಮ್ಮ ತಂದೂರಿನ ಬೆಂಕಿ ಅದರ ಮುಂದೆ ಲೆಕ್ಕಕ್ಕಿಲ್ಲ. ಭೂಗರ್ಭದಲ್ಲಿ ಸೊಟ್ಟಾದ ಹರಳಿನ ಕಟ್ಟು ಈ ಶಾಖದಲ್ಲಿ ಸರಿಹೋಗುತ್ತದೆ. ಸಾರಜನಕವೇ ಇಲ್ಲದಂಥ ಅಪರೂಪದ ಜಾತಿಯ ಕಂದು ಕಲ್ಲು ನೀರಿನಂತೆ ಬೆಳ್ಳಗಾಗುತ್ತದೆ. ಸಾಮಾನ್ಯ ಜಾತಿಯ ಕಂದು ಕಲ್ಲು ಹಳದಿ-ಹಸಿರಾಗುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಈ ವಿದ್ಯೆಯನ್ನು ಪಳಗಿಸಿತು. 1999ರ ಮಾರ್ಚಿನಲ್ಲಿ ಲಜಾರ್ ಕಪ್ಲಾನ್ ಎಂಬ ವಜ್ರ ವ್ಯಾಪಾರದ ಸಂಸ್ಥೆ ಇಂಥ ಕಲ್ಲುಗಳನ್ನು ಪೇಟೆಗೆ ತರುವುದಾಗಿ ಸಾರಿತು. ಈ ಬಣ್ಣ ಬೆಂಕಿಗೂ ಹೋಗದು, ಕಣ್ಣಿಗೂ ತಿಳಿಯದು, ಅಂಗಡಿಯ ಕುಂಯ್ ಎನ್ನುವ ಯಂತ್ರಕ್ಕಂತೂ ತಿಳಿಯುವುದೇ ಇಲ್ಲ. ಆ ಯಂತ್ರ ನೋಡುವುದು ಕಲ್ಲು ಶಾಖವನ್ನು ಎಷ್ಟು ಬೇಗ ಹರಿಸುತ್ತದೆ ಎಂಬುದನ್ನು ಮಾತ್ರ. ಬಣ್ಣ ಕಟ್ಟಿದ ವಜ್ರವೂ ವಜ್ರವಾದ್ದರಿಂದ ಅದು ಯಾವಾಗಲೂ ಕುಂಯ್ ಎನ್ನಲೇಬೇಕು! ಬಣ್ಣದ ಮೂಲ ತಿಳಿಯಬೇಕಾದರೆ ದೊಡ್ಡ ಪ್ರಯೋಗಾಲಯಕ್ಕೆ ಹೋಗಬೇಕು. ಅಲ್ಲಿ ಕಲ್ಲನ್ನು ದ್ರವ ಸಾರಜನಕದಲ್ಲಿ ತಣಿಸಿ, ಬೆಳಕು ಬಿಟ್ಟು, ಅದು ಮರಳಿ ಸೂಸುವ ಬೆಳಕನ್ನು ಅಳೆಯುತ್ತಾರೆ. ಕೆಲವು ಹಸಿರು ಕಲ್ಲುಗಳ ವಿಷಯದಲ್ಲಿ ಅಷ್ಟು ಮಾಡಿದರೂ ಬಣ್ಣ ಭೂಮಿಯದೋ ಯಂತ್ರದ್ದೋ ಎಂದು ನಿರ್ಧರಿಸಲಾಗದೆ ಹಾಗೆಂದೇ ಬರೆದುಕೊಡುತ್ತಾರೆ.

ಇಷ್ಟು ತಿಳಿದ ಮೇಲೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತೇನೆ. ಕಲ್ಲಿನ ಬಣ್ಣ ಬದಲಿಸುವುದು ಪಾಪವಲ್ಲ. ಅದೂ ಒಂದು ಕುಶಲ ಕೆಲಸ. ಬಿಳಿ ನೂಲಿಗೆ ಬಣ್ಣ ಕಟ್ಟಿ ಬದುಕಿದ ಗಿರಣಿಯವರು ನಾವು. ಬಣ್ಣ ಕಟ್ಟುವವನ ಕೈಯನ್ನು ಹೀನವಾಗಿ ಕಾಣಲಾರೆವು. ಆದರೆ ಗಿರಣಿಯ ಬಟ್ಟೆಯಲ್ಲಿ ಪಕ್ಕಾ ಬಣ್ಣ, ಕಚ್ಚಾ ಬಣ್ಣ ಎಂಬ ಭೇದವಿತ್ತು. ಪಕ್ಕಾ ಇದ್ದರೆ ಪಕ್ಕಾ ಎಂದು ಹೇಳಿ ಮಾರಬೇಕಾಗಿತ್ತು. ಒಗೆದಾಗ ಬಣ್ಣ ಬಿಟ್ಟರೆ ಕೊಂಡವಳು ಸೀರೆಯನ್ನು ಅಂಗಡಿಯವನ ಮುಖದ ಮೇಲೆ ಎಸೆಯುತ್ತಿದ್ದಳು. ಹೊಟೇಲಿನ ನಮ್ಮ ಕೆಲಸವನ್ನೇ ನೋಡಿ. ಲಾಡು-ಜಿಲೇಬಿಯ ಹಳದಿಗೆ ಯಾವ ಬಣ್ಣ ಹಾಕಬೇಕು, ಯಾವುದು ಕೂಡದು ಎಂಬುದಕ್ಕೆ 1954ರಲ್ಲಿಯೇ ಕಲಬೆರಕೆ ತಡೆಯುವ ಕಾನೂನಾಯಿತು. ಈಗ 2006ರ ಆಹಾರ ಸುರಕ್ಷತೆಯ ಕಾನೂನಿದೆ. ಮೆಟಾನಿಲ್ ಹಳದಿ ಸಿಕ್ಕಿದರೆ ಹೊಟೇಲಿಗೆ ಇನ್‌ಸ್ಪೆಕ್ಟರು ಬರುತ್ತಾರೆ, ಮಾಲಕರು ಅಡಿಗೆಯವನ ಕಡೆಗೆ ಬೊಟ್ಟು ತೋರಿಸುತ್ತಾರೆ. ಒಂದು ಲಾಡಿನ ಬಣ್ಣಕ್ಕೆ ಅಡಿಗೆಯವನು ಉತ್ತರ ಕೊಡಬೇಕು. ಎರಡು ವರ್ಷದ ಉಳಿತಾಯ ನುಂಗುವ ಕಲ್ಲಿನ ಬಣ್ಣಕ್ಕೆ ಉತ್ತರ ಕೊಡುವವರು ಯಾರೂ ಇಲ್ಲವೆ? ತಪ್ಪು ಇರುವುದು ಬಣ್ಣದಲ್ಲಲ್ಲ, ಮುಚ್ಚಿಡುವುದರಲ್ಲಿ.

ಮುಚ್ಚಿಡುವುದು ಇಂದಿನ ಚಾಳಿಯಲ್ಲ. 1971ರಲ್ಲಿ ಜಿನೀವಾ ನಗರದಲ್ಲಿ ಡೀಪ್‌ಡೀನ್ ಎಂಬ ಹೊನ್ನಿನ ಬಣ್ಣದ ವಜ್ರ ಹರಾಜಾಯಿತು. ತೂಕ 104.52 ಕ್ಯಾರೆಟ್ಟು. ಸಹಜ ಬಣ್ಣವೆಂದು ನಂಬಿ ಕೊಂಡರು. ಪುನಃ ಪರೀಕ್ಷೆ ಮಾಡಿಸಿದಾಗ ಕಿರಣ ಹಾಯಿಸಿ ತಂದ ಬಣ್ಣವೆಂದು ತಿಳಿಯಿತು. ಮಾರಾಟ ರದ್ದಾಯಿತು, ಹಣ ಮರಳಿತು. 1999ರ ಕಲ್ಲುಗಳ ಕಥೆಯೂ ಇದೇ. ವ್ಯಾಪಾರಿಗಳೇ ಗದ್ದಲ ಎಬ್ಬಿಸಿದ್ದರಿಂದ ಪ್ರತಿ ಕಲ್ಲಿನ ಅಂಚಿನಲ್ಲಿ ಲೇಸರ್ ಕಿರಣದಿಂದ 'ಜಿಇ ಪಿಓಎಲ್' ಎಂಬ ಅಕ್ಷರ ಕೊರೆದು ಮಾರಲು ಕಂಪನಿ ಒಪ್ಪಿತು. ಸ್ವಲ್ಪ ಕಾಲದಲ್ಲಿಯೇ ಆ ಅಕ್ಷರಗಳನ್ನು ಸಾಣೆ ಹಿಡಿದು ಅಳಿಸಿದ ಕಲ್ಲುಗಳು ಪ್ರಯೋಗಾಲಯಕ್ಕೆ ಬಂದವು! ಅಕ್ಷರವನ್ನು ಅಳಿಸಿದವನಿಗೆ ಆ ಅಕ್ಷರದ ಅರ್ಥ ಚೆನ್ನಾಗಿ ಗೊತ್ತಿತ್ತು. ಬಣ್ಣ ಕಟ್ಟಿದ ಕಲ್ಲಿಗೂ ಸಹಜ ಬಣ್ಣದ ಕಲ್ಲಿಗೂ ಬೆಲೆಯಲ್ಲಿ ಅಜಗಜಾಂತರ. ಆ ಅಂತರವೇ ಅವನ ಲಾಭ.

ಬಣ್ಣ ಬದಲಿಸಲು ಯಂತ್ರವೇ ಬೇಕೆಂದಿಲ್ಲ, ಹೆಸರು ಬದಲಿಸಿದರೂ ಸಾಕು. ಆಸ್ಟ್ರೇಲಿಯದ ಆರ್ಗೈಲ್ ಗಣಿ 1983ರಿಂದ 2020ರವರೆಗೆ ನಡೆಯಿತು. ಅಲ್ಲಿ ಸಿಕ್ಕಿದ್ದರಲ್ಲಿ ಬಹುಪಾಲು ಕಂದು ಬಣ್ಣದ ಸಣ್ಣ ಕಲ್ಲು. ಮೊದಲು ಇಂಥವನ್ನು ಯಂತ್ರಕ್ಕೆ ಹಾಕುತ್ತಿದ್ದರು. ಗುಜರಾತಿನ ಕೆಲಸಗಾರರ ಕೈ ಅವಕ್ಕೆ ಮೈಕಟ್ಟು ಕೊಟ್ಟಿತು. ಕಂಪನಿ ಅವಕ್ಕೆ 'ಶಾಂಪೇನ್', 'ಕಾನ್ಯಾಕ್' ಎಂದು ಮದ್ಯದ ಹೆಸರು ಕೊಟ್ಟಿತು. ಕಂದು ಎಂದರೆ ಕೊಳ್ಳದವರು ಶಾಂಪೇನ್ ಎಂದ ಕೂಡಲೇ ಕೊಂಡರು. ನಮ್ಮ ದಕ್ಷಿಣದ ಅಂಗಡಿಗಳಲ್ಲಿ 'ಬ್ಲೂ ಜಾಗರ್' ಎಂಬ ಮಾತು ಇಂದಿಗೂ ನಡೆಯುತ್ತದೆ. ಅದು ದಕ್ಷಿಣ ಆಫ್ರಿಕದ ಯಾಗರ್ಸ್‌ಫಾಂಟೇನ್ ಗಣಿಯಿಂದ ಬಂದ ಹೆಸರು. ಗಣಿ 1971ರಲ್ಲಿಯೇ ಮುಚ್ಚಿತು. ಹೆಸರು ಮಾತ್ರ ಇನ್ನೂ ಮಾರಾಟವಾಗುತ್ತಿದೆ. ಅಜ್ಜಿಯ ಕಾಲದ ಬೆಂಡೋಲೆಯ ನಂಬಿಕೆಯನ್ನು ಮೊಮ್ಮಗಳ ಬಿಲ್ಲಿಗೆ ಹಚ್ಚುವುದು ಬಣ್ಣದ ಮಾತಲ್ಲದೆ ಮತ್ತೇನು?

ಈಗ ಎದುರು ವಾದಗಳಿಗೆ ಬರೋಣ. ಬಡವನಿಗೆ ವಜ್ರವೇಕೆ, ಕೊಳ್ಳದಿದ್ದರೆ ಮೋಸವೂ ಇಲ್ಲವಲ್ಲ ಎನ್ನುತ್ತಾರೆ ನಮ್ಮವರೇ ಆದ ಕೆಲವು ಹಿರಿಯರು. ಹಿರಿಯರ ಮಾತಿನಲ್ಲಿ ಕಾಳಜಿ ಇದೆ, ನಿಜ. ಸಾಲ ಮಾಡಿ ಒಡವೆ ಮಾಡಿಸುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ತಂಗಿಯ ಕಿವಿಗೆ ಏನು ಇಡಬೇಕೆಂದು ನಿರ್ಧರಿಸುವ ಹಕ್ಕು ದುಡಿದವನದು. ಮೋಸ ಮಾಡಿದವನನ್ನು ಬಿಟ್ಟು ಮೋಸಹೋದವನ ಆಸೆಯನ್ನು ಬೈಯುವುದು ಯಾವ ನ್ಯಾಯ? ಹಾಲಿಗೆ ನೀರು ಹಾಕಿದವನನ್ನು ಬಿಟ್ಟು, ಹಾಲು ಕುಡಿಯುವ ಚಟ ನಿನಗೇಕೆ ಎಂದು ಮಗುವನ್ನು ಕೇಳಿದ ಹಾಗಾಯಿತು.

ಇನ್ನು ಅಂಗಡಿಯವರ ವಾದ: ಹೊಳಪು ಒಂದೇ, ಗಟ್ಟಿತನ ಒಂದೇ, ಹಾಕಿಕೊಂಡವರಿಗೆ ಸಂತೋಷ ಒಂದೇ, ನಷ್ಟವೆಲ್ಲಿ? ನಷ್ಟ ಎಲ್ಲಿ ಎಂಬುದು ಒಡವೆಯನ್ನು ಕಪಾಟಿನಲ್ಲಿಡುವವರಿಗೆ ತಿಳಿಯದು, ಒತ್ತೆ ಇಡುವವರಿಗೆ ತಿಳಿಯುತ್ತದೆ. ನಮ್ಮ ಮನೆಗಳಲ್ಲಿ ಒಡವೆ ಎಂದರೆ ಅಲಂಕಾರ ಆಮೇಲೆ; ಅದು ಮೊದಲು ಆಪದ್ಧನ. ಮುಷ್ಕರ ನಡೆದಾಗ, ಹೊಟೇಲು ಮುಚ್ಚಿದಾಗ, ತಾಯಿ ಆಸ್ಪತ್ರೆ ಸೇರಿದಾಗ ಅದೇ ನಮ್ಮ ಬ್ಯಾಂಕು. ಒತ್ತೆ ಇಡಲು ಹೋದರೆ ಅಲ್ಲಿ ಕಲ್ಲಿನ ತೂಕ ಕಳೆದು ಚಿನ್ನಕ್ಕೆ ಮಾತ್ರ ಸಾಲ ಕೊಡುತ್ತಾರೆ. ಕಲ್ಲನ್ನು ಮರಳಿ ಮಾರೋಣವೆಂದರೆ ಆಗ ಅದೇ ಪೇಟೆಗೆ ತಟ್ಟನೆ ಸತ್ಯ ನೆನಪಾಗುತ್ತದೆ: 'ಇದು ಬಣ್ಣ ಕಟ್ಟಿದ ಕಲ್ಲು, ಬೆಲೆ ಇಲ್ಲ.' ಮಾರುವಾಗ ಎಲ್ಲ ಒಂದೇ. ಕೊಳ್ಳುವಾಗ ಎಲ್ಲ ಬೇರೆ. ಹೊಳಪು ಒಂದೇ ಎನ್ನುವವರು ಬೆಲೆಯನ್ನೂ ಒಂದೇ ಮಾಡಿ ಮರಳಿ ಕೊಳ್ಳಲಿ, ಆಗ ಒಪ್ಪೋಣ.

ಮೂರನೆಯ ವಾದ ಹಾಲ್‌ಮಾರ್ಕಿನದು. ಸರಕಾರದ ಮುದ್ರೆ ಇದೆಯಲ್ಲ, ಹೆದರಿಕೆ ಏಕೆ ಎಂದು ಏಜಂಟರು ಕೇಳುತ್ತಾರೆ. ಇದನ್ನು ಚೆನ್ನಾಗಿ ನೆನಪಿಡಿ. 2021ರ ಜೂನ್ 16ರಿಂದ ಹಂತಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕು, 2023ರ ಏಪ್ರಿಲ್ 1ರಿಂದ ಅದರ ಜೊತೆ ಬೇಕಾದ ಆರು ಅಕ್ಷರ-ಅಂಕೆಗಳ ಎಚ್‌ಯುಐಡಿ ಗುರುತು, ಇವೆರಡೂ ಹೇಳುವುದು ಚಿನ್ನದ ಶುದ್ಧತೆಯನ್ನು. ಕೂಡಿಸಿದ ಕಲ್ಲಿನ ಬಗ್ಗೆ ಅವು ಒಂದಕ್ಷರವನ್ನೂ ಹೇಳುವುದಿಲ್ಲ. ಚಿನ್ನದ ಮುದ್ರೆಯನ್ನು ತೋರಿಸಿ ಕಲ್ಲನ್ನು ದಾಟಿಸುವುದು ಕಣ್ಣಿಗೆ ಮಣ್ಣೆರಚುವ ಕೆಲಸ.

ಇದರಲ್ಲಿ ವರ್ಗಭೇದವೂ ಇದೆ. ಶ್ರೀಮಂತರು ಕೊಳ್ಳುವ ಒಂದು ಕ್ಯಾರೆಟ್ಟಿನ ಕಲ್ಲಿಗೆ ಪ್ರಯೋಗಾಲಯದ ಪತ್ರವಿರುತ್ತದೆ. ಒಂದು ಕ್ಯಾರೆಟ್ಟೆಂದರೆ ಗ್ರಾಮಿನ ಐದರಲ್ಲಿ ಒಂದು ಪಾಲು. ಅದನ್ನು ನೂರು ಮಾಡಿದರೆ ಒಂದು ಸೆಂಟು. ನಾವು ಕೊಳ್ಳುವುದು ಎರಡು ಸೆಂಟು, ಐದು ಸೆಂಟಿನ ಕಲ್ಲುಗಳು. ಅಷ್ಟು ಸಣ್ಣ ಕಲ್ಲೊಂದನ್ನು ಬೇರೆಯಾಗಿ ಪರೀಕ್ಷಿಸಿದರೆ ಪರೀಕ್ಷೆಯ ಶುಲ್ಕ ಕಲ್ಲಿನ ಬೆಲೆಗೆ ಭಾರವಾಗುತ್ತದೆ ಎಂದು ಬಿಟ್ಟುಬಿಡುತ್ತಾರೆ. ಹಾಗಾದರೆ ದಾರಿ ಇಲ್ಲವೆ? ಇದೆ. ಸಣ್ಣ ಕಲ್ಲುಗಳನ್ನು ರಾಶಿಯಾಗಿ ಹಾಕಿದರೆ ಒಂದೊಂದನ್ನೇ ನೋಡಿ ಸಂಶಯವಿದ್ದದ್ದನ್ನು ಬೇರೆ ಮಾಡುವ ಯಂತ್ರವನ್ನು ಡಿ ಬೀರ್ಸ್ ಕಂಪನಿ 2014ರಲ್ಲಿಯೇ ಹೊರತಂದಿತು. ಇಂಥ ಯಂತ್ರಗಳನ್ನು ವ್ಯಾಪಾರಿಗಳು ಬಳಸುತ್ತಾರೆ. ಯಾವಾಗ? ತಾವು ಇನ್ನೊಬ್ಬ ವ್ಯಾಪಾರಿಯಿಂದ ಕೊಳ್ಳುವಾಗ! ತಮ್ಮ ಗಂಟಿಗೆ ಮೋಸವಾಗಬಾರದೆಂದು ಯಂತ್ರ ಬೇಕು. ನಮ್ಮ ಗಂಟಿಗೆ ಕುಂಯ್ ಎನ್ನುವ ಪೆನ್ನು ಸಾಕು.

ಇಷ್ಟೆಲ್ಲ ಬರೆಯುವಾಗ ನಮ್ಮ ಕೋಪ ದಾರಿ ತಪ್ಪಬಾರದು. ಜಗತ್ತಿನ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತು ನಮ್ಮ ದೇಶದಲ್ಲಿಯೇ, ಹೆಚ್ಚಾಗಿ ಸೂರತದಲ್ಲಿ ಸಾಣೆ ಕಾಣುತ್ತವೆ. ಆ ಸಾಣೆಯ ಮುಂದೆ ಕಣ್ಣು ಕಳೆದುಕೊಳ್ಳುವವರು ನಮ್ಮಂಥವರೇ. ರತ್ನ ಕಲಾಕಾರರೆಂಬ ಹೆಸರು ದೊಡ್ಡದು. ಪಗಾರ ಮಾತ್ರ ಕಲ್ಲಿಗಿಷ್ಟು ಎಂಬ ಲೆಕ್ಕದಲ್ಲಿ. ಕಂದು ಕಲ್ಲು ಬಿಳಿಯಾಗಿ ಬೆಲೆ ಏರಿದರೆ ಅವರ ಕೂಲಿ ಏರುವುದಿಲ್ಲ. ಪೇಟೆ ಬಿದ್ದರೆ ಮೊದಲು ಬೀಳುವವರು ಅವರು. 2024ರಲ್ಲಿ ಕೆಲಸ ಕಳೆದುಕೊಂಡು ಜೀವದ ಆಸೆಯನ್ನೇ ಬಿಟ್ಟವರಿಗಾಗಿ ಅಲ್ಲಿಯ ವಜ್ರ ಕಾರ್ಮಿಕರ ಸಂಘ ಸಹಾಯವಾಣಿ ತೆರೆಯಬೇಕಾಯಿತು. ಅವರು ನಮ್ಮ ಬಂಧುಗಳು. ನಮ್ಮ ಜಗಳ ಅವರೊಡನಲ್ಲ.

ವಜ್ರದ ಚರಿತ್ರೆಯೇ ಹಾಗೆ. ಬಳ್ಳಾರಿಯ ಗಡಿ ದಾಟಿದರೆ ಅನಂತಪುರ ಜಿಲ್ಲೆಯ ವಜ್ರಕರೂರು. ಮುಂಗಾರಿನ ಮಳೆ ಬಿದ್ದ ಮೇಲೆ ಆ ಸೀಮೆಯ ಹೊಲಗಳಲ್ಲಿ ಬಡವರು ಇಂದಿಗೂ ಬಗ್ಗಿಕೊಂಡು ಕಲ್ಲು ಹುಡುಕುತ್ತಾರೆ. ಸಿಕ್ಕವನಿಗೆ ಕಲ್ಲಿನ ಬೆಲೆ ಗೊತ್ತಿಲ್ಲ. ಕೊಳ್ಳುವ ದಲ್ಲಾಳಿಗೆ ಗೊತ್ತು. 16ನೆಯ ಶತಮಾನದಲ್ಲಿ ವಿಜಯನಗರದ ಸಮಾಚಾರ ಬರೆದ ಪೋರ್ಚುಗೀಸ ನೂನಿಜ್, ಗಣಿಯಲ್ಲಿ 20 ಮಂಗೇಲಿನ್ ತೂಕ ಮೀರಿದ ವಜ್ರವೆಲ್ಲ ಅರಸನಿಗೆ ಸೇರಬೇಕೆಂಬ ಕಟ್ಟಳೆ ಇತ್ತೆಂದು ಹೇಳಿದ್ದಾನೆ. ಅಂದು ಅಗೆದವನಿಗೆ ದೊಡ್ಡ ಕಲ್ಲು ಸಿಗಲಿಲ್ಲ. ಇಂದು ಹುಡುಕಿದವನಿಗೆ ಬೆಲೆ ಮುಚ್ಚಿಡುತ್ತಾರೆ, ಸಾಣೆ ಹಿಡಿದವನಿಗೆ ಲಾಭ ಮುಚ್ಚಿಡುತ್ತಾರೆ, ಕಂತು ಕಟ್ಟಿದವನಿಗೆ ಬಣ್ಣ ಮುಚ್ಚಿಡುತ್ತಾರೆ. ಮೂರು ಕಡೆಗೂ ಕತ್ತಲೆಯಲ್ಲಿ ಇರುವವನು ದುಡಿಯುವವನೇ.

ಕಾನೂನು ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾನೂನಿನ ಪ್ರಕಾರ ಸರಕಿನ ಗುಣ, ದರ್ಜೆಗಳ ಬಗ್ಗೆ ತಪ್ಪು ಹೇಳಿ ಮಾರುವುದು ಅನುಚಿತ ವ್ಯಾಪಾರ. ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರವೇ. ಊರು ಬಿಟ್ಟು ಬಂದ ನಮಗೆ ಅದರಲ್ಲಿ ಒಂದು ಅನುಕೂಲವಿದೆ: ಅಂಗಡಿ ಎಲ್ಲಿಯೇ ಇರಲಿ, ನಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಒಂದೇ ಬಗೆಯ ಮೋಸಕ್ಕೆ ಸಿಕ್ಕ ಹಲವರು ಆಯೋಗದ ಅನುಮತಿ ಪಡೆದು ಒಟ್ಟಾಗಿಯೂ ಕೊಡಬಹುದು. 1915 ಎಂಬ ಸಂಖ್ಯೆಗೆ ಫೋನು ಮಾಡಿದರೆ ಸರಕಾರದ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಆದರೆ ಕಲ್ಲನ್ನು ಪ್ರಯೋಗಾಲಯಕ್ಕೆ ಕಳಿಸಬೇಕಾದರೆ ಅದರ ಶುಲ್ಕವನ್ನು ದೂರು ಕೊಟ್ಟವನೇ ಮೊದಲು ಕಟ್ಟಬೇಕಾಗುತ್ತದೆ. ಒಂದು ದಿನ ರಜೆ ಕೇಳಿದರೆ ಪಗಾರ ಕತ್ತರಿಸುವ ಕಡೆ ದುಡಿಯುವವನು ಇಷ್ಟೆಲ್ಲ ಓಡಾಡಿ, ಕಲ್ಲಿನ ಬಣ್ಣ ಯಂತ್ರದ್ದೆಂದು ಸಾಬೀತು ಮಾಡಬೇಕಂತೆ! ಕಲ್ಲು ಎಲ್ಲಿಂದ ಬಂತೆಂದು ಬಲ್ಲವನು ಸುಮ್ಮನೆ ಕುಳಿತಿರಬಹುದಂತೆ! ಬಲ್ಲವನು ಹೇಳಲಿ, ಬರೆದುಕೊಡಲಿ. ಇದೇ ನಮ್ಮ ಬೇಡಿಕೆಯ ತಿರುಳು.

ಆದ್ದರಿಂದ ನಮ್ಮ ಸಂಘದ ಮುಂದೆ ನಾಲ್ಕು ಮಾತುಗಳನ್ನು ಇಡುತ್ತೇನೆ.

ಒಂದನೆಯದು: ಬಿಲ್ಲಿನಲ್ಲಿ ವಜ್ರವೆಂಬ ಒಂದು ಪದ ಸಾಲದು. ಕಲ್ಲು ಗಣಿಯದೋ ಪ್ರಯೋಗಾಲಯದಲ್ಲಿ ಬೆಳೆದದ್ದೋ, ಬಣ್ಣ ಸಹಜವೋ ಕಟ್ಟಿದ್ದೋ, ಕಟ್ಟಿದ್ದಾದರೆ ಲೇಪದಿಂದಲೋ, ಕಿರಣದಿಂದಲೋ, ಒತ್ತಡ-ಕಾವಿನಿಂದಲೋ ಎಂದು ಬರೆಯಬೇಕು. ಹಾಗೆ ಬರೆಯದ ಅಂಗಡಿಯ ಮೆಟ್ಟಲನ್ನು ನಮ್ಮ ಸದಸ್ಯರು ಹತ್ತಬಾರದು.

ಎರಡನೆಯದು: ಚಿನ್ನದ ನಿವ್ವಳ ತೂಕ ಬೇರೆ, ಕಲ್ಲಿನ ತೂಕ ಬೇರೆ, ಎರಡರ ಬೆಲೆಯೂ ಬೇರೆಬೇರೆಯಾಗಿ ಬಿಲ್ಲಿನಲ್ಲಿ ಇರಬೇಕು. ಮರಳಿ ಕೊಳ್ಳುವಾಗ ಕಲ್ಲಿಗೆ ಏನು ಕೊಡುತ್ತಾರೆಂಬುದನ್ನೂ ಅದೇ ಕಾಗದದಲ್ಲಿ ಬರೆಸಿಕೊಳ್ಳಬೇಕು.

ಮೂರನೆಯದು: ಕಂತಿನ ಪುಸ್ತಕಕ್ಕೆ ಸಹಿ ಹಾಕುವ ಮೊದಲು ಅದನ್ನು ಸಂಘದ ಕಚೇರಿಗೆ ತಂದು ಓದಿಸಬೇಕು. ಓದು ಬಾರದಿರುವುದು ನಾಚಿಕೆಯಲ್ಲ. ಓದದೆ ಸಹಿ ಹಾಕುವುದು ನಷ್ಟ. ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತ ಹೊಟೇಲು ಕೆಲಸಗಾರರ ಪರಂಪರೆ ನಮ್ಮದು.

ನಾಲ್ಕನೆಯದು: ಚಿನ್ನಕ್ಕೆ ಕಡ್ಡಾಯವಾದಂತೆ ಕಲ್ಲಿನ ಬಣ್ಣದ ಮೂಲವನ್ನು ಬರೆದುಕೊಡುವುದೂ ಕಡ್ಡಾಯವಾಗಬೇಕೆಂದು, ಸಣ್ಣ ಕಲ್ಲುಗಳ ರಾಶಿಯನ್ನು ಪೇಟೆಗೆ ಬರುವ ಮೊದಲೇ ಪರೀಕ್ಷಿಸಬೇಕೆಂದು ಸರಕಾರಕ್ಕೆ ಸಂಘ ಮನವಿ ಕೊಡಬೇಕು. ಇದಕ್ಕೆ ಸೂರತದ ವಜ್ರ ಕಾರ್ಮಿಕರ ಸಂಘದ ಬೆಂಬಲವನ್ನೂ ಕೇಳೋಣ. ಸತ್ಯ ಬರೆದು ಮಾರಿದ ಪೇಟೆ ನಂಬಿಕೆಯಿಂದ ನಿಲ್ಲುತ್ತದೆ. ಪೇಟೆ ನಿಂತರೆ ಅವರ ಸಾಣೆಯೂ ತಿರುಗುತ್ತದೆ.

ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ನಮ್ಮ ಹಿರಿಯರು ಹೇಳಿದರು. ಹಾಲೋ ಸುಣ್ಣದ ನೀರೋ ಎಂದು ನೋಡಿ ಹೇಳುವ ಬಲ ಒಬ್ಬೊಬ್ಬರಿಗೆ ಇರಲಿಕ್ಕಿಲ್ಲ. ನೂರು ಜನ ಒಟ್ಟಾಗಿ ಅಂಗಡಿಯ ಮುಂದೆ ನಿಂತು 'ಬರೆದುಕೊಡಿ' ಎಂದರೆ ಆ ಬಲ ಬರುತ್ತದೆ. ಮಾಲಕರ ಮುಂದೆ ನಿಂತು ಪಗಾರದ ಚೀಟಿ ಕೇಳಲು ಕಲಿತವರು ನಾವು. ಅದೇ ಧ್ವನಿಯಲ್ಲಿ ವಜ್ರದ ಅಂಗಡಿಯಲ್ಲಿಯೂ ಕೇಳೋಣ: ಕಲ್ಲು ಯಾವುದು, ಬಣ್ಣ ಯಾರದು? ಉತ್ತರ ಕಾಗದದ ಮೇಲೆ ಬರುವ ತನಕ ನಮ್ಮ ಒಂದು ರೂಪಾಯಿಯೂ ಗಲ್ಲೆಗೆ ಬೀಳದಿರಲಿ.